ಕಾಲುವೆ ದೊರೆಯ ಊರಿನ ಗಂಟೆ

ಇಂಗ್ಲೆಂಡಿನ ಲಿಟ್ಲ್ ಹಾರ್ಕಮ್ ಎಂಬ ಹಳ್ಳಿಯನ್ನು ನಾನು ನೋಡಿದವನಲ್ಲ. ಇಂಗ್ಲೆಂಡಿನ ಮಾತು ಹಾಗಿರಲಿ, ಬೆಂಗಳೂರನ್ನೇ ನೆಟ್ಟಗೆ ನೋಡಿದವನಲ್ಲ. ಆದರೂ ಆ ಹಳ್ಳಿಯ ವಿಷಯದಲ್ಲಿ ಮಂಡ್ಯ, ಮದ್ದೂರು, ಮಳವಳ್ಳಿ ಮೂರು ತಾಲ್ಲೂಕಿಗೂ ನಾನೇ ಅಧಿಕೃತ ವಿದ್ವಾಂಸ ಎಂಬ ನಂಬಿಕೆ ನನಗೆ ಗಟ್ಟಿಯಾಗಿತ್ತು. ಆ ಊರಿನ ಚರ್ಚಿನ ಗೋಪುರ ಯಾವ ಕಡೆಗೆ ವಾಲಿದೆ, ಬಾತುಕೋಳಿಗಳ ಕೊಳ ಎಲ್ಲಿದೆ, ಚರ್ಚಿನ ಅಂಗಳದ ಮುದಿ ಮರದ ಪೊಟರೆಯಲ್ಲಿ ಮಕ್ಕಳು ಹೇಗೆ ಅಡಗಿಕೊಳ್ಳುತ್ತಾರೆ, ಎಲ್ಲವನ್ನೂ ಕಣ್ಣು ಮುಚ್ಚಿಕೊಂಡು ಹೇಳಬಲ್ಲವನಾಗಿದ್ದೆ. ನಮ್ಮ ಹಿತ್ತಲಲ್ಲಿ ಬಚ್ಚಲ ನೀರು ಎಲ್ಲಿಗೆ ಹೋಗುತ್ತದೆ ಎಂದು ಯಾರಾದರೂ ಕೇಳಿದರೆ ಮಾತ್ರ ಹೆಂಡತಿಯನ್ನು ಕರೆಯಬೇಕಾಗುತ್ತಿತ್ತು.

ಈ ಪಾಂಡಿತ್ಯವನ್ನೆಲ್ಲ ನನಗೆ ದಯಪಾಲಿಸಿದವರು ಕಾಲುವೆ ದೊರೆ. ನಮ್ಮ ಕಡೆ ಕಾಲುವೆ ತೋಡಿಸಿದ ಇಂಜಿನಿಯರು. ಅವರಿಗೆ ಬೇರೆ ಹೆಸರಿತ್ತು, ಆದರೆ ಅದು ಅಂಚೆಯವನಿಗೆ ಮಾತ್ರ ಬೇಕಾಗುತ್ತಿತ್ತು. ರಾಗಿ ಬೆಳೆಯುತ್ತಿದ್ದ ಹೊಲಗಳಿಗೆ ನೀರು ಬಂದು ಕಬ್ಬು ಎದ್ದು ನಿಂತಾಗ ರೈತರು ಇಟ್ಟ ಹೆಸರು ಕಾಲುವೆ ದೊರೆ. ಕೆಲಸದಿಂದ ನಿವೃತ್ತರಾಗಿ, ಊರಿಗೆ ಹೊರಡಲು ಪೆಟ್ಟಿಗೆ ಕಟ್ಟಿದರು. ಅಷ್ಟರಲ್ಲಿ ಯುದ್ಧ ಶುರುವಾಯಿತು. ಹಡಗುಗಳಲ್ಲಿ ಸಿಪಾಯಿಗಳಿಗೆ ಜಾಗವಿತ್ತು, ಮುದುಕರಿಗಿರಲಿಲ್ಲ. ಹೊಳಲಿನ ದಾರಿಯಲ್ಲಿ, ಕಾಲುವೆಗೆ ಕೂಗಳತೆಯಲ್ಲಿ ಒಂದು ಹಳೆಯ ಬಂಗಲೆಯಲ್ಲಿ ಉಳಿದುಕೊಂಡರು. ಮದುವೆಯಿಲ್ಲ, ಮಕ್ಕಳಿಲ್ಲ. ಅಡುಗೆಗೆ ಗೌಸ್ ಸಾಬಿ ಒಬ್ಬ. ಕಟ್ಟಿದ ಪೆಟ್ಟಿಗೆ ಹಜಾರದಲ್ಲಿ ಹಾಗೆಯೇ ಕೂತಿತ್ತು. ಗೌಸ್ ಸಾಬಿ ಅದರ ಮೇಲೆ ಟೀ ತಟ್ಟೆ ಇಡುತ್ತಿದ್ದ.

ನಾನು ಮೈಸೂರು ಪೇಟೆಯವನು, ಮಂಡ್ಯದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರು. ದೊರೆಯ ಬಳಿ ಹೋಗತೊಡಗಿದ್ದು ಉಚ್ಚಾರಣೆ ತಿದ್ದಿಕೊಳ್ಳುವ ಘನ ಉದ್ದೇಶದಿಂದ. ಆದರೆ ದೊರೆ ಕನ್ನಡ ಕಲಿತದ್ದು ಕಾಲುವೆಯಲ್ಲಿ ಮಣ್ಣು ಹೊರುವವರಿಂದ. ನಾನು ವ್ಯಾಕರಣಬದ್ಧವಾದ ಇಂಗ್ಲಿಷಿನಲ್ಲಿ ಅವರ ಕುಶಲ ವಿಚಾರಿಸಿದರೆ ಅವರು, “ಬಾ ಕಣ್ಲಾ ಮೇಷ್ಟ್ರೇ, ಕುಂತ್ಕೊ,” ಎನ್ನುತ್ತಿದ್ದರು. ಡೆಪ್ಯುಟಿ ಕಮಿಷನರೇ ಬಂದರೂ ಹಾಗೆಯೇ ಮಾತಾಡಿಸುತ್ತಿದ್ದರಂತೆ. ಹೀಗೆ ವರ್ಷಗಟ್ಟಲೆ ಹೋಗಿ ಬಂದು ನನ್ನ ಇಂಗ್ಲಿಷ್ ಇದ್ದಲ್ಲೇ ಇತ್ತು. ಮಂಡ್ಯದ ಕನ್ನಡ ಮಾತ್ರ ಬಹಳ ಸುಧಾರಿಸಿತು.

ಅದು ಚಳವಳಿಯ ಕಾವಿನ ಕಾಲ. ಬೆಳಿಗ್ಗೆ ‘ಬ್ರಿಟಿಷರೇ ತೊಲಗಿ’ ಎಂದು ಗಂಟಲು ಹರಿಯುವಂತೆ ಕೂಗಿದ ನನ್ನ ವಿದ್ಯಾರ್ಥಿಗಳೇ ಸಂಜೆ ದೊರೆಗೆ ಎಳನೀರು ಕೊಚ್ಚಿಕೊಡುತ್ತಿದ್ದರು. ಇದೇನ್ರಯ್ಯ ಎಂದು ಕೇಳಿದರೆ, ತೊಲಗಬೇಕಾದ ಬ್ರಿಟಿಷರು ಬೇರೆ, ಇವರು ಕಾಲುವೆ ದೊರೆ ಎಂದು ನನಗೇ ಪಾಠ ಹೇಳಿದರು.

ದೊರೆಗೆ ತಮ್ಮ ಊರಿನ ಬಗ್ಗೆ ಹೇಳುವುದೆಂದರೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ. ನಮ್ಮ ಹೊಳಲಿಗಿಂತ ಚಿಕ್ಕ ಊರು. ಒಂದು ಚರ್ಚು, ಒಂದು ಹೆಂಡದಂಗಡಿ, ಸುತ್ತ ಗೋಧಿ ಹೊಲ. ಅವರ ಅಪ್ಪ ಬಡಗಿ. ಭಾನುವಾರ ಚರ್ಚಿನ ಗಂಟೆ ಬಾರಿಸುವುದೂ ಅವನದೇ ಕೆಲಸ. ಗೋಪುರದೊಳಗೆ ಗಂಟೆಯ ಹಗ್ಗ ಇಳಿಬಿದ್ದಿರುತ್ತಿತ್ತು. ಚಿಕ್ಕಂದಿನಲ್ಲಿ ದೊರೆ ಆ ಹಗ್ಗ ಹಿಡಿದರೆ ಗಂಟೆ ತಿರುಗುವ ರಭಸಕ್ಕೆ ಹಗ್ಗವೇ ಅವರನ್ನು ಮೇಲಕ್ಕೆ ಎತ್ತಿಬಿಡುತ್ತಿತ್ತಂತೆ. ಬಹಳ ಹಿಂದೆ ಯಾವುದೋ ಚಳಿಗಾಲದಲ್ಲಿ ಆ ಗಂಟೆ ಸೀಳು ಬಿಟ್ಟು, ದನಿಯ ಕೊನೆಯಲ್ಲಿ ಸಣ್ಣದೊಂದು ಒಡಕು ಕೇಳುತ್ತಿತ್ತು. ಪಕ್ಕದ ಊರಿನವರು ನಗುತ್ತಿದ್ದರು. ಇವರ ಊರಿನವರು ಹೊಸ ಗಂಟೆ ತರಿಸಲು ಒಪ್ಪಲಿಲ್ಲ. ನಮ್ಮ ಗಂಟೆ ನಮ್ಮ ಗಂಟೆಯ ಹಾಗೆಯೇ ಇರಲಿ ಎಂದರಂತೆ.

ಆ ವರ್ಷ ಮಳೆ ನಿಂತು ಮಂಜು ಬೀಳುವ ಹೊತ್ತಿಗೆ ದೊರೆ ಹಾಸಿಗೆ ಹಿಡಿದರು. ಎದೆಯ ಕಾಯಿಲೆ. ಡಾಕ್ಟರು ಗೌಸ್ ಸಾಬಿಯನ್ನು ಹೊರಗೆ ಕರೆದು ಏನೋ ಹೇಳಿದರು. ಅವನು ಅಡುಗೆಮನೆಗೆ ಹೋಗಿ ಬಹಳ ಹೊತ್ತು ಪಾತ್ರೆ ತಿಕ್ಕಿದ. ಒಂದು ಭಾನುವಾರ ನಾನು ಹೋದಾಗ ದೊರೆ ಕಿಟಕಿಯ ಕಡೆ ಕಿವಿ ಕೊಟ್ಟು ಮಲಗಿದ್ದರು. ಏನು ಕೇಳಿಸಿಕೊಳ್ಳುತ್ತಿದ್ದೀರಿ ಎಂದೆ.

“ಏನೂ ಇಲ್ಲ ಕಣ್ಲಾ. ನಮ್ಮೂರಲ್ಲೂ ಈಗ ಗಂಟೆ ಇಲ್ವಂತೆ. ಯುದ್ಧ ಅಂತ ಅದರ ಬಾಯಿ ಕಟ್ಟವ್ರೆ. ಶತ್ರು ಬಂದಿಳಿದ್ರೆ ಮಾತ್ರ ಬಾರಿಸ್ಬೇಕಂತೆ.” ಹೊದಿಕೆ ಎಳೆದುಕೊಂಡು, “ಓಗೋ ಮುಂಚೆ ಒಂದ್ಸಲ ಕೇಳ್ಬುಟ್ಟಿದ್ರೆ ಚೆನ್ನಾಗಿತ್ತು,” ಎಂದರು.

ಅವರು ನನ್ನನ್ನು ಕೇಳಲಿಲ್ಲ. ಇದನ್ನು ಓದುಗರು ಗಮನಿಸಬೇಕು. ಸುಮ್ಮನೆ ಒಂದು ಮಾತು ಹೇಳಿ ಗೋಡೆಯ ಕಡೆ ತಿರುಗಿಕೊಂಡರು. ನಾನೇ ಎದ್ದು ನಿಂತು, ಕೋಟಿನ ಗುಂಡಿ ಹಾಕಿಕೊಂಡು, ಅತ್ಯಂತ ಶುದ್ಧವಾದ ಇಂಗ್ಲಿಷಿನಲ್ಲಿ, ಆ ಭಾರವನ್ನು ತಾವು ನನಗೆ ಬಿಡತಕ್ಕದ್ದು ಎಂದು ಘೋಷಿಸಿದೆ.

ಮೊದಲು ದೇವಸ್ಥಾನಕ್ಕೆ ಹೋದೆ. ಅರ್ಚಕರು ಗಂಟೆ ಇಳಿಸುವ ಮಾತು ಕೇಳಿ, ನನಗೆ ಪಿತ್ತ ಕೆದರಿದೆಯೆಂದು ಮಂಗಳಾರತಿ ತಟ್ಟೆಯಿಂದ ನಿಂಬೆಹಣ್ಣು ಕೊಟ್ಟು ಕಳಿಸಿದರು. ಹೆಂಡತಿ ಜಾನಕಿ ಅದನ್ನು ಪಾನಕ ಮಾಡಿದಳು.

ಆಮೇಲೆ ನಮ್ಮ ಸ್ಕೂಲಿನ ಗಂಟೆ ನೆನಪಾಯಿತು. ಗಂಟೆ ಎಂದರೆ ರೈಲು ಕಂಬಿಯ ಒಂದು ತುಂಡು, ಬೇವಿನ ಮರಕ್ಕೆ ನೇತುಹಾಕಿದ್ದು. ಹೆಡ್‌ಮಾಸ್ತರರಿಗೆ ಹೇಳಿದರೆ ಬೇಡವೆನ್ನುತ್ತಾರೆಂದು ಹೇಳದೆಯೇ ಕೂಲಿಯವನಿಂದ ಹೊರಿಸಿಕೊಂಡು ಬಂಗಲೆಗೆ ನಡೆದೆ. ಅತ್ತ ಸ್ಕೂಲಿನಲ್ಲಿ ಗಂಟೆಯಿಲ್ಲದೆ ಲೆಕ್ಕದ ಪೀರಿಯಡ್ ಶುರುವಾದದ್ದು ಮುಗಿಯಲೇ ಇಲ್ಲ. ಲೆಕ್ಕದ ಮೇಷ್ಟ್ರು ಬಲು ಶಿಸ್ತಿನ ಮನುಷ್ಯ. ಗಂಟೆ ಹೊಡೆಯದೆ ತರಗತಿ ಬಿಡುವವರಲ್ಲ. ಮಧ್ಯಾಹ್ನದ ಊಟವೂ ಇಲ್ಲದೆ ಹುಡುಗರು ಬಡ್ಡಿ ಲೆಕ್ಕ ಮಾಡುತ್ತಲೇ ಇದ್ದರಂತೆ. ಇತ್ತ ನಾನು ಕಂಬಿಯನ್ನು ಬಂಗಲೆಯ ಮಾವಿನ ಮರಕ್ಕೆ ಕಟ್ಟಿ, ಸುತ್ತಿಗೆಯಿಂದ ಬಾರಿಸಿ, ಮಹತ್ಕಾರ್ಯ ಸಾಧಿಸಿದವನಂತೆ ಒಳಗೆ ಬಂದೆ.

ದೊರೆ ಕಣ್ಣು ಬಿಟ್ಟು, “ರೈಲು ಮೈಸೂರ್ದಾ, ಬೆಂಗಳೂರ್ದಾ?” ಎಂದು ಕೇಳಿದರು.

ಇಷ್ಟಕ್ಕೆ ಬಿಟ್ಟಿದ್ದರೆ ಎಲ್ಲರೂ ಸುಖವಾಗಿರುತ್ತಿದ್ದೆವು. ಆದರೆ ಆ ಶನಿವಾರ ಸಂಜೆ ನನಗೆ ತಿಮ್ಮದಾಸಯ್ಯನ ನೆನಪಾಯಿತು. ತಿಮ್ಮದಾಸಯ್ಯ ಹೊಳಲಿನವನು. ಶ್ರಾವಣದ ಶನಿವಾರಗಳಲ್ಲಿ ನಾಮ ಇಟ್ಟು, ಶಂಖ ಜಾಗಟೆ ಹಿಡಿದು ಮನೆಮನೆಗೆ ಬರುತ್ತಿದ್ದ. ಅವನ ಜಾಗಟೆ ಅವನ ತಾತನ ಕಾಲದ್ದು, ಅಂಚಿನಲ್ಲಿ ಬಿರುಕು. ಬಾರಿಸಿದರೆ ದನಿ ದೂರಕ್ಕೆ ಹೋಗಿ, ಕೊನೆಯಲ್ಲಿ ಚೂರು ಒಡೆಯುತ್ತಿತ್ತು. ಒಡಕು ದನಿ! ನಾನು ಎದ್ದು ಚಪ್ಪಲಿ ಮೆಟ್ಟಿದೆ. ಇಷ್ಟು ಹೊತ್ತಿನಲ್ಲಿ ಎಲ್ಲಿಗೆ ಎಂದಳು ಜಾನಕಿ. ಜಾನಕಿ ಮಳವಳ್ಳಿ ಕಡೆಯ ಹಳ್ಳಿಯಲ್ಲಿ ಬೆಳೆದವಳು, ಇಂಥ ವಿಷಯಗಳೆಲ್ಲ ಅವಳಿಗೆ ಗೊತ್ತು. ಅವಳಿಗೆ ಒಂದು ಮಾತು ಹೇಳಿದ್ದರೆ ಸಾಕಾಗಿತ್ತು. ನಾಳೆ ನಿನಗೇ ಗೊತ್ತಾಗುತ್ತೆ ಎಂದು ಗತ್ತಿನಿಂದ ಹೇಳಿ ಹೊರಟೆ.

ನಾನು ಹೊಳಲು ತಲುಪಿದಾಗ ದೀಪ ಹಚ್ಚುವ ಹೊತ್ತು. ದಾಸಯ್ಯ ಜಗುಲಿಯ ಮೇಲಿದ್ದ. ನಾಳೆ ಭಾನುವಾರ ಬೆಳಿಗ್ಗೆಯೇ ಕಾಲುವೆ ದೊರೆಯ ಬಂಗಲೆಯ ಮುಂದೆ ಜಾಗಟೆ ಬಾರಿಸಬೇಕು ಎಂದೆ. ದಾಸಯ್ಯನ ಮುಖ ಇಳಿದುಹೋಯಿತು.

“ದೊರೆಗಳು...” ಎಂದು ಏನೋ ಕೇಳಹೋಗಿ, ಒಳಗೆ ಉರಿಯುತ್ತಿದ್ದ ದೀಪದ ಕಡೆ ನೋಡಿ ನಿಲ್ಲಿಸಿದ. “ಬುಡಿ ಬುದ್ದಿ. ದೀಪ ಅಚ್ಚೋ ಒತ್ನಲ್ಲಿ ಅದ್ನೆಲ್ಲಾ ಬಾಯ್ಬುಟ್ಟು ಏಳ್ಬಾರ್ದು. ನಂಗೆ ಗೊತ್ತಾಯ್ತು.”

ಎಷ್ಟು ಸೂಕ್ಷ್ಮ ಮನಸ್ಸಿನ ಮನುಷ್ಯ ಎಂದು ನನಗೆ ಬಹಳ ಮೆಚ್ಚಿಕೆಯಾಯಿತು. ಇದು ದೊರೆಗೆ ಮೊದಲೇ ತಿಳಿಯಬಾರದ ವಿಷಯವಲ್ಲವೇ? ನಾನೂ ದನಿ ತಗ್ಗಿಸಿ, ಅವರಿಗೆ ಇನ್ನು ಬೇಕಾಗಿರುವುದು ಇದೊಂದೇ ದಾಸಯ್ಯ ಎಂದೆ. ಅವನು ಹೆಗಲ ಮೇಲಿನ ವಸ್ತ್ರದಿಂದ ಕಣ್ಣು ಒರೆಸಿಕೊಂಡ. ಸಮುದ್ರದಾಚೆಯ ಒಂದು ಪುಟ್ಟ ಹಳ್ಳಿಯ ಗಂಟೆಗಾಗಿ ಹೊಳಲಿನ ದಾಸಯ್ಯ ಅಳುತ್ತಿದ್ದಾನೆ ಎಂದು ನನ್ನ ಕಣ್ಣೂ ಒದ್ದೆಯಾಯಿತು.

“ಶನಿವಾರದ ಹಾಗೆ ಅವಸರ ಅವಸರವಾಗಿ ಬೇಡ,” ಎಂದೆ. “ಒಂದು ಏಟು. ಅದರ ದನಿ ಪೂರ್ತಿ ಆರಿದ ಮೇಲೆ ಇನ್ನೊಂದು. ನಿಧಾನ.”

“ಗೊತ್ತು ಬುದ್ದಿ. ಅಂಗೇ ಅಲ್ವಾ ಬಾರ್ಸೋದು,” ಎಂದ ದಾಸಯ್ಯ.

ಶನಿವಾರದ ಜಾಗಟೆ ಅವಸರದ್ದು, ಸಾವಿನ ಜಾಗಟೆ ನಿಧಾನದ್ದು. ಆ ಕಡೆಯ ಒಕ್ಕಲು ಮನೆಗಳಲ್ಲಿ ಯಾರಾದರೂ ತೀರಿಕೊಂಡರೆ ದಾಸಯ್ಯ ಬಂದು ಬಾಗಿಲಲ್ಲಿ ಹಾಗೆ ಬಾರಿಸುತ್ತಾನೆ. ಇದು ಮೂರು ತಾಲ್ಲೂಕಿನ ಹಸುಗೂಸಿಗೂ ಗೊತ್ತು. ಮೈಸೂರಿನ ಅಗ್ರಹಾರದಲ್ಲಿ ಬೆಳೆದ ನನಗೆ ಗೊತ್ತಿರಲಿಲ್ಲ. ಲಿಟ್ಲ್ ಹಾರ್ಕಮ್ಮಿನಲ್ಲಿ ಗಂಟೆ ಹೇಗೆ ಬಾರಿಸುತ್ತಾರೆಂಬುದು ನನಗೆ ಚೆನ್ನಾಗಿ ಗೊತ್ತಿತ್ತು.

ಭಾನುವಾರ ಬೆಳಿಗ್ಗೆ ದಟ್ಟ ಮಂಜು. ನಾನು ಬೇಗನೆ ಹೋಗಿ ದೊರೆಯ ಬೆನ್ನಿಗೆ ದಿಂಬು ಕೊಟ್ಟು ಕೂರಿಸಿ, ಕಿಟಕಿ ತೆರೆದಿಟ್ಟೆ. ಮೊದಲ ಏಟು ಬಿತ್ತು. ದನಿ ಮಂಜಿನೊಳಗೆ ತೇಲಿ ಬಂದು, ಕೊನೆಯಲ್ಲಿ ಸಣ್ಣಗೆ ಒಡೆಯಿತು. ದೊರೆ ಕಣ್ಣು ಮುಚ್ಚಿದರು. ಎರಡನೆಯ ಏಟು ಬಿದ್ದಾಗ ಅವರ ಕೈ ಹೊದಿಕೆಯ ಮೇಲೆ ಹಗ್ಗ ಹಿಡಿದ ಹಾಗೆ ಮುಷ್ಟಿಯಾಯಿತು.

“ಅದೇ ಕಣ್ಲಾ,” ಎಂದರು. “ಅದೇ ಒಡಕು.”

ಅವರ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ನನ್ನ ಜೀವಮಾನದಲ್ಲಿ ನಾನು ಮಾಡಿದ ಕೆಲಸ ಸರಿಯಾದದ್ದು ಆ ಒಂದು ಗಳಿಗೆಯಲ್ಲಿ. ಆ ಗಳಿಗೆಯನ್ನು ಈಗಲೂ ನೆನೆಸಿಕೊಳ್ಳುತ್ತೇನೆ, ಏಕೆಂದರೆ ಅದರ ಹಿಂದೆಯೇ ಶಂಖ ಮೊಳಗಿತು.

ಶಂಖವನ್ನು ನಾನು ಹೇಳಿರಲಿಲ್ಲ. ದಾಸಯ್ಯ ದೊರೆಯ ಮೇಲಿನ ಗೌರವಕ್ಕೆ ತಾನಾಗಿಯೇ ಸೇರಿಸಿದ್ದ. ಇದೇನ್ಲಾ ಎಂದರು ದೊರೆ. ಅದು ಹೆಚ್ಚುವರಿ ಸಂಗೀತ ಎಂದೆ. ಶಂಖದ ಬೆನ್ನಿಗೆ ಹೆಂಗಸರ ಗೋಳಾಟ ಕೇಳಿಸಿತು. ಇದೂ ಸಂಗೀತವೇನ್ಲಾ ಎಂದರು. ನಾನು ಕಿಟಕಿಯಿಂದ ಬಗ್ಗಿ ನೋಡಿದೆ.

ಮಂಜಿನೊಳಗಿಂದ ಜನ ಬರುತ್ತಿದ್ದರು. ಎಲ್ಲರ ಮುಂದೆ ಹೊಳಲಿನ ಪಟೇಲ ಸಿದ್ದೇಗೌಡ, ಕೈಯಲ್ಲಿ ಸೇವಂತಿಗೆ ಹಾರ. ಕಾಲುವೆ ನೀರು ಬಂದ ಮೇಲೆ ಮೊದಲು ಕಬ್ಬು ಹಾಕಿದವನು, ದೊರೆಯ ಹೆಸರೆತ್ತಿದರೆ ಎದ್ದು ನಿಲ್ಲುವವನು. ಅವನ ಹಿಂದೆ ಎದೆ ಬಡಿದುಕೊಳ್ಳುವ ಹೆಂಗಸರು. ಹಸಿ ಬಿದಿರು ಹೊತ್ತವರು, ಸೌದೆ ಹೊತ್ತವರು, ಬಾಳೆಕಂದು ಹೊತ್ತವರು. ದೊರೆಗಳನ್ನು ಸುಡುತ್ತಾರೋ ಹೂಳುತ್ತಾರೋ ತಿಳಿಯದೆ ಎರಡಕ್ಕೂ ತಯಾರಾಗಿ ಬಂದಿದ್ದರು. ಸುದ್ದಿ ಬೆಳಗಾಗುವುದರೊಳಗೆ ಮಂಡ್ಯಕ್ಕೂ ಮುಟ್ಟಿ, ಇನ್ನೊಂದು ಕಡೆಯಿಂದ ಕರಿ ಕೋಟು ಹಾಕಿಕೊಂಡು ನಮ್ಮ ಹೆಡ್‌ಮಾಸ್ತರರು, ಅವರ ಹಿಂದೆ ಸಾಲಾಗಿ ‘ತೊಲಗಿ’ ಎಂದು ಕೂಗಿದ ಹುಡುಗರು, ತಲೆ ತಗ್ಗಿಸಿಕೊಂಡು. ಕೊನೆಯಲ್ಲಿ ಸೆರಗು ಬಾಯಿಗೊತ್ತಿಕೊಂಡು ನನ್ನ ಹೆಂಡತಿ. ದೊರೆ ಸತ್ತ ಸುದ್ದಿಯನ್ನು ಗಂಡ ತನಗೇ ಹೇಳಲಿಲ್ಲವಲ್ಲ ಎಂಬ ದುಃಖವೂ ಆ ಅಳುವಿನಲ್ಲಿ ಸೇರಿತ್ತೆಂದು ಆಮೇಲೆ ತಿಳಿಯಿತು.

ಗೌಸ್ ಸಾಬಿ ಹೊರಗೆ ಓಡಿ ಕೈ ಅಡ್ಡ ಹಿಡಿದ. ಅವನು ಬಾಯಿ ತೆರೆಯುವ ಮೊದಲೇ ಸಿದ್ದೇಗೌಡ ಅವನನ್ನು ಅಪ್ಪಿಕೊಂಡು, “ಅಳ್ಬುಡು ಸಾಬಣ್ಣ, ಎದೇಲಿ ಇಟ್ಕಬ್ಯಾಡ,” ಎಂದ. ಆ ಅಪ್ಪುಗೆಯಲ್ಲಿ ಸಾಬಿಗೆ ಉಸಿರೇ ಕಟ್ಟಿ, ಕಣ್ಣಲ್ಲಿ ನೀರು ಬಂತು. ಅದನ್ನು ನೋಡಿ ಹೆಂಗಸರ ಗೋಳು ಇನ್ನಷ್ಟು ಏರಿತು.

ನಾನು ಜಗುಲಿಗೆ ಬಂದು ನಿಂತೆ. ದೊರೆಗಳು ಇದ್ದಾರೆ ಎಂದೆ.

“ಅವ್ರೆ ಮೇಷ್ಟ್ರೇ,” ಎಂದ ಸಿದ್ದೇಗೌಡ ಗದ್ಗದನಾಗಿ. “ನಮ್ಮೆಲ್ರ ಎದೇಲೂ ಅವ್ರೆ.”

ಹಾಗಲ್ಲ ಗೌಡರೇ ಎಂದು ತೊದಲಿದೆ. ಅವನು ನನ್ನ ಹೆಗಲು ಹಿಡಿದು ಸಮಾಧಾನ ಹೇಳಿದ. “ನೀವೇನೂ ಯೋಚ್ನೆ ಮಾಡ್ಬ್ಯಾಡಿ. ಜಾಗ ತಯಾರಾಗದೆ. ದಾಸಯ್ಯ ಏಳಿದ್ದೇ ತಡ, ಅವ್ರೇ ಕಟ್ಟಿಸಿದ್ ಕಾಲ್ವೆ ಏರಿ ಮ್ಯಾಲೇ ಗುಂಡಿ ತೋಡ್ಸಿವ್ನಿ. ನಾಕಾಳುದ್ದ ಬ್ಯಾಡ ಅಂದ್ರೂ ಕೇಳ್ದೆ ಆಳವಾಗೇ ತೋಡವ್ರೆ ನಮ್ ಐಕ್ಳು.”

ಒಳಗೆ ಮಂಚ ಕಿರುಗುಟ್ಟಿತು. ಬಾಗಿಲು ತೆರೆಯಿತು. ಮಲಗುವ ಬಟ್ಟೆಯಲ್ಲಿ, ಕಂಬಳಿ ಹೊದ್ದುಕೊಂಡು, ಕೆದರಿದ ಬಿಳಿ ಕೂದಲಿನ ಕಾಲುವೆ ದೊರೆ ಹೊಸ್ತಿಲ ಮೇಲೆ ನಿಂತಿದ್ದರು.

“ಯಾವನ್ಲಾ ಅವ್ನು, ಏರಿ ಮ್ಯಾಲೆ ಗುಂಡಿ ತೋಡ್ದವ್ನು?”

ದಾಸಯ್ಯನ ಶಂಖ ಅರ್ಧಕ್ಕೆ ಕೀಚ್ ಎಂದು ನಿಂತಿತು. ಮುಂದಿನ ಸಾಲಿನ ಹೆಂಗಸರು ಹಿಂದಿನ ಸಾಲಿನವರ ಮೇಲೆ ಬಿದ್ದರು. ಹುಡುಗರಲ್ಲಿ ಅರ್ಧ ಜನ ಮಂಡ್ಯದ ಕಡೆ, ಅರ್ಧ ಜನ ಹೊಳಲಿನ ಕಡೆ ಓಡಿದರು. ಹೆಡ್‌ಮಾಸ್ತರರು ಓಡಲಿಲ್ಲ, ಕೂತುಬಿಟ್ಟರು. ಸಿದ್ದೇಗೌಡ ಮಾತ್ರ ನಿಂತಲ್ಲೇ ನಿಂತು, ಹಾರ ಹಿಡಿದುಕೊಂಡೇ ಕೈ ಮುಗಿದು, ತಾನೇ ತೋಡಿಸಿದ್ದು ಎಂದು ಒಪ್ಪಿಕೊಂಡ.

ಆಮೇಲೆ ದೊರೆ ಆಡಿದ ಮಾತುಗಳನ್ನು ಇಲ್ಲಿ ಬರೆಯಲಾಗದು. ಅವರಿಗೆ ಕನ್ನಡ ಕಲಿಸಿದವರು ಒಳ್ಳೆಯ ಗುರುಗಳು ಎಂದಷ್ಟೇ ಹೇಳಬಹುದು. ತುಂಬಿದ ಕಾಲುವೆಯ ಏರಿ ಅಗೆದರೆ ನೀರು ನುಗ್ಗಿ ಸುತ್ತಲ ಬೆಳೆಯೆಲ್ಲ ಹೋಗುತ್ತದೆ ಎಂಬುದು ಗೌಡನಿಗೆ ಗೊತ್ತಿಲ್ಲದ್ದೇನಲ್ಲ. ದುಃಖದಲ್ಲಿ ಹೊಳೆಯಲಿಲ್ಲ, ಅಷ್ಟೆ. ನಾನು ಬೇಡವೆಂದೆ, ಸಾಬಿ ಕಾಲು ಹಿಡಿದುಕೊಂಡ. ದೊರೆ ಇಬ್ಬರನ್ನೂ ತಳ್ಳಿ ಮೆಟ್ಟಿಲಿಳಿದರು. ಮಂಜಿನಲ್ಲಿ ಶವಯಾತ್ರೆ ಹೊರಟಿತು. ಮುಂದೆ ಶವ ನಡೆದುಕೊಂಡು ಹೋಗುತ್ತಿತ್ತು.

ಏರಿಯಲ್ಲಿ ನೀರು ಜಿನುಗಲು ಶುರುವಾಗಿತ್ತು. ದೊರೆ ಕಂಬಳಿ ಹೊದ್ದು ಒದ್ದೆ ಹುಲ್ಲಿನ ಮೇಲೆ ನಿಂತು ಒಂದೊಂದೇ ಹೇಳುತ್ತಾ ಹೋದರು. ಚಟ್ಟಕ್ಕೆಂದು ತಂದ ಬಿದಿರು ಗೂಟವಾಯಿತು, ಚಿತೆಗೆಂದು ತಂದ ಸೌದೆ ತಡೆಗೋಡೆಯಾಯಿತು. ಬಾಳೆಕಂದು ಒತ್ತಿ, ಜೇಡಿಮಣ್ಣು ತುಂಬಿ, ಜನರೆಲ್ಲ ಅದರ ಮೇಲೆ ನಿಂತು ತುಳಿದರು. ಹೆಡ್‌ಮಾಸ್ತರರೂ ತುಳಿದರು. ಅಳುತ್ತಾ ಬಂದಿದ್ದ ಹೆಂಗಸರು ನಗುತ್ತಾ ಮಣ್ಣು ಹೊತ್ತರು. ಬಿಸಿಲೇರುವ ಹೊತ್ತಿಗೆ ಏರಿ ಗಟ್ಟಿಯಾಯಿತು. ದೊರೆ ಕಾಲಿನಿಂದ ಒದ್ದು ನೋಡಿ, ಆಗಬಹುದು ಎಂದು ತಲೆಯಾಡಿಸಿದರು. ಅವರ ಕೆನ್ನೆ ಕೆಂಪಾಗಿತ್ತು. ಎಷ್ಟೋ ದಿನಗಳ ಮೇಲೆ ಕೆಲಸ ಮಾಡಿದ ಮನುಷ್ಯನ ಮುಖ. ಅದು ಜ್ವರದ ಕೆಂಪು ಎಂದು ಗೌಸ್ ಸಾಬಿಯೊಬ್ಬನಿಗೆ ಅನ್ನಿಸಿತ್ತು.

ವಾಪಸು ಬರುವಾಗ ನನ್ನ ಹೆಗಲ ಮೇಲೆ ಕೈಯಿಟ್ಟು ನಡೆದರು. ನಾನು ಕ್ಷಮೆ ಕೇಳಲು ಇಂಗ್ಲಿಷ್ ವಾಕ್ಯಗಳನ್ನು ಜೋಡಿಸುತ್ತಿದ್ದೆ.

“ಸುಮ್ಕಿರ್ಲಾ,” ಎಂದರು. “ನಮ್ಮೂರಲ್ಲೂ ಸತ್ತಾಗ ಅಂಗೇ ಬಾರಿಸೋದು. ಒಂದೊಂದೇ ಏಟು. ಒಲದಲ್ಲಿ ಇರೋರೆಲ್ಲಾ ಟೋಪಿ ತೆಗ್ದು ನಿಂತ್ಕತಾರೆ. ಕೆಲ್ಸ ಬುಟ್ಟು ಬತ್ತಾರೆ. ನಮ್ಮಪ್ಪಂಗೆ ನಾನೇ ಬಾರಿಸ್ದೆ.” ಸ್ವಲ್ಪ ದೂರ ನಡೆದ ಮೇಲೆ ನಿಂತು ಉಸಿರೆಳೆದುಕೊಂಡು, “ನಂಗೂ ಒಂದಿನ ಬಾರಿಸ್ಬುಡು. ಇವತ್ತು ಬಂದೋರೆಲ್ಲಾ ಬತ್ತಾರಲ್ಲ, ಸಾಕು,” ಎಂದರು. ಆಗಲಿ ಎಂದೆ. ಅವತ್ತು ನಾನು ಕನ್ನಡದಲ್ಲಿ ಕೊಟ್ಟ ಮಾತು ಅದೊಂದೇ.

ಜ್ವರ ಅವತ್ತು ಸಂಜೆಯೇ ಏರಿತು, ಮತ್ತೆ ಪೂರ್ತಿ ಇಳಿಯಲಿಲ್ಲ. ಎದೆ ಮೊದಲೇ ಕೆಟ್ಟಿತ್ತು, ಮಂಜಿನಿಂದ ಆದದ್ದಲ್ಲ ಎಂದು ಡಾಕ್ಟರು ಹೇಳಿದರು. ಜಾನಕಿಯೂ ಅದನ್ನೇ ಹೇಳಿದಳು. ಅವಳು ಅಷ್ಟು ಮೃದುವಾಗಿ ಮಾತಾಡುವುದು ನಾನು ನಿಜವಾಗಿ ತಪ್ಪು ಮಾಡಿದಾಗ ಮಾತ್ರ.

ಊರಿನಲ್ಲಿ ಮಾತ್ರ ನಾನು ಪ್ರಸಿದ್ಧನಾದೆ. ಸಂತೆಯಲ್ಲಿ ಜನ ನನ್ನನ್ನು ಕಂಡರೆ ಕೈಯಲ್ಲಿ ಜಾಗಟೆ ಬಾರಿಸಿದಂತೆ ಮಾಡುತ್ತಿದ್ದರು. ಬೆಸಗರಹಳ್ಳಿಯ ಬಸ್ಸಿನಲ್ಲಿ ಒಬ್ಬ ಈ ಕತೆಯನ್ನು ನನಗೇ ಹೇಳಿದ. ಅವನ ಕತೆಯಲ್ಲಿ ದೊರೆ ಚಿತೆಯ ಮೇಲಿಂದಲೇ ಎದ್ದು ಕೂತಿದ್ದರು. ನಾನೂ ನಕ್ಕೆ. ನಗದೆ ಇನ್ನೇನು ಮಾಡಲಿ?

ಕಬ್ಬು ಕಡಿಯುವ ಕಾಲ ಬಂತು. ಒಂದು ಬುಧವಾರ ಬೆಳಿಗ್ಗೆ ಗೌಸ್ ಸಾಬಿ ನಮ್ಮ ಮನೆ ಬಾಗಿಲಿಗೆ ಬಂದ. ಟೋಪಿಯನ್ನು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದ.

ನಾನು ಓಡಿದ್ದು ದಾಸಯ್ಯನ ಮನೆಗೆ. ಅವನು ಜಾಗಟೆಯನ್ನು ಮುಟ್ಟಲಿಲ್ಲ. ಹೋದ ಸಲ ಬಾರಿಸಿದ್ದಕ್ಕೇ ಊರವರು ಉಗಿದಿದ್ದಾರೆ, ಬದುಕಿರುವವರಿಗೆ ಮತ್ತೆ ಬಾರಿಸಿದರೆ ತನ್ನ ಕುಲದೇವರು ಸುಮ್ಮನಿರುವುದಿಲ್ಲ ಎಂದ. ನಾನು ಆಣೆ ಮಾಡಿದೆ. ಅವನು ಅನುಮಾನದಿಂದ ನೋಡಿದ. “ಬೇಕಾದ್ರೆ ಜಾಗಟೆ ತಗಂಡೋಗಿ ಬುದ್ದಿ, ನೀವೇ ಬಾರಿಸ್ಕಳಿ. ನನ್ನ ಮಾತ್ರ ಕರೀಬ್ಯಾಡಿ,” ಎಂದ.

ತೆಗೆದುಕೊಂಡು ಹೋದೆ. ಬಂಗಲೆಯ ಜಗುಲಿಯ ಮೇಲೆ ನಿಂತು ಬಾರಿಸಿದೆ. ಒಂದು ಏಟು, ದನಿ ಆರಿದ ಮೇಲೆ ಇನ್ನೊಂದು. ಮಂಜು ಇರಲಿಲ್ಲ, ಎಲ್ಲ ನಿಚ್ಚಳವಾಗಿ ಕಾಣುತ್ತಿತ್ತು. ಕಾಲುವೆಯ ಆಚೆ ಸಿದ್ದೇಗೌಡನ ಕಬ್ಬಿನ ಗದ್ದೆಯಲ್ಲಿ ಆಳುಗಳು ತಲೆಯೆತ್ತಿ ನೋಡಿದರು. ಯಾರೋ ಏನೋ ಅಂದರು, ಎಲ್ಲರೂ ಗೊಳ್ಳೆಂದು ನಕ್ಕರು. ಸಿದ್ದೇಗೌಡ ತಲೆಯ ವಸ್ತ್ರ ಬಿಚ್ಚಿ ನನ್ನ ಕಡೆ ಬೀಸಿ, ಮತ್ತೆ ಬಗ್ಗಿ ಕಬ್ಬು ಕಡಿಯತೊಡಗಿದ. ನಾನು ಇನ್ನೂ ಜೋರಾಗಿ 	ಬಾರಿಸಿದೆ. ಜೋರಾಗಿ ಬಾರಿಸಿದಷ್ಟೂ ಅವರಿಗೆ ನಗು ಹೆಚ್ಚಾಯಿತು. ದೊರೆ ನಿಜವಾಗಿಯೂ ಹೋದರು ಎಂದು ನಾನು ಕೂಗಿದ್ದು ಆ ನಗುವಿನಲ್ಲಿ ಕೇಳಿಸಲೇ ಇಲ್ಲ. ಕೈ ಸೋತು ಕೆಳಗೆ ಕೂತೆ. ಗೌಸ್ ಸಾಬಿ ಬಂದು ನನ್ನ ಕೈಯಿಂದ ಜಾಗಟೆ ತೆಗೆದುಕೊಂಡು, ಒಂದು ಏಟು ಹಾಕಿ, ಅವನೂ ಕೂತ.

ಸ್ಕೂಲಿಗೆ ಹೇಳಿ ಕಳಿಸಿದೆ. ಒಂದು ಸಲ ಏರಿ ತುಳಿದದ್ದಕ್ಕೆ ಸೊಂಟ ಇನ್ನೂ ನೆಟ್ಟಗಾಗಿಲ್ಲ ಎಂದು ಹೆಡ್‌ಮಾಸ್ತರರಿಂದ ಉತ್ತರ ಬಂತು. ಮೈಸೂರಿನಿಂದ ಪಾದ್ರಿಗಳು ಮಧ್ಯಾಹ್ನದ ರೈಲಿಗೆ ಬಂದರು. ಮಣ್ಣಿಗೆ ಇದ್ದವರು ಪಾದ್ರಿಗಳು, ಗೌಸ್ ಸಾಬಿ, ಜಾನಕಿ, ನಾನು. ಗುಂಡಿ ತೋಡುವ ಕೂಲಿಗಳನ್ನೂ ಸೇರಿಸಿದರೆ ಇನ್ನಿಬ್ಬರು. ಪಾದ್ರಿಗಳು ಪುಸ್ತಕ ಮುಚ್ಚಿ ಸುತ್ತ ನೋಡಿದರು. ಇಷ್ಟು ಕಾಲ ಇಲ್ಲಿದ್ದವರಿಗೆ ಇಷ್ಟೇ ಜನವೇ ಎಂದು ನನ್ನನ್ನು ಕೇಳಿದರು.

“ಎಲ್ಲರೂ ಬಂದಿದ್ದರು ಸ್ವಾಮಿ,” ಎಂದೆ. “ಸ್ವಲ್ಪ ಬೇಗ ಬಂದುಬಿಟ್ಟರು.”

ಮಾರನೆಯ ದಿನ ಬೆಳಿಗ್ಗೆ ಸಿದ್ದೇಗೌಡ ಬಂಗಲೆಗೆ ಬಂದ. ಆಲೆಮನೆಯಲ್ಲಿ ಆಗತಾನೇ ಇಳಿಸಿದ ಬೆಲ್ಲ, ಬಾಳೆ ಎಲೆಯಲ್ಲಿ ಕಟ್ಟಿಕೊಂಡು, ಬಿಸಿ ಆರುವ ಮೊದಲೇ ದೊರೆಗೆ ತಿನ್ನಿಸಬೇಕೆಂದು ದಾಪುಗಾಲು ಹಾಕಿಕೊಂಡು ಬಂದಿದ್ದ. ವರ್ಷದ ಮೊದಲ ಬೆಲ್ಲ ಅವರಿಗೇ ಕೊಡುವುದು ಅವನ ಪದ್ಧತಿ. ದೂರದಿಂದಲೇ ನನ್ನನ್ನು ನೋಡಿ, ನಿನ್ನೆಯದು ಏನು ವಿಶೇಷ ಮೇಷ್ಟ್ರೇ, ಇನ್ನೊಂದು ಗುಂಡಿ ತೋಡಲೇ ಎಂದು ನಗುತ್ತಾ ಕೇಳಿದ. ಗೌಸ್ ಸಾಬಿ ಹಜಾರದ ಪೆಟ್ಟಿಗೆಯನ್ನು ಹೊರಗೆ ಎಳೆಯುತ್ತಿದ್ದ. ಗೌಡ ಅದನ್ನು ನೋಡಿದ. ಒಳಗಿನ ಬರಿದಾದ ಮಂಚ ನೋಡಿದ. ಮೆಟ್ಟಿಲ ಮೇಲೆ ಕೂತುಬಿಟ್ಟ.

ಒಂದೇ ಮಾತು ಹೇಳಿದ. “ಜಾಗಟೆ ಕೇಳ್ತು ಮೇಷ್ಟ್ರೇ. ನಗ್ತಾ ಕಬ್ಬು ಕಡೀತಿದ್ದೆ.”

ಅವನು ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಬೆಲ್ಲದ ಗಂಟನ್ನು ದೊರೆಯ ಗೋರಿಯ ಹಸಿ ಮಣ್ಣಿನ ಮೇಲೆ ಇಟ್ಟು ಬಂದ.

ಅದೇ ಚಳಿಗಾಲದಲ್ಲಿ ಪತ್ರಿಕೆಯಲ್ಲಿ ಓದಿದೆ: ಯುದ್ಧದಲ್ಲಿ ಎಲ್ಲೋ ಗೆದ್ದರೆಂದು ಇಂಗ್ಲೆಂಡಿನ ಚರ್ಚುಗಳಲ್ಲೆಲ್ಲ ಮತ್ತೆ ಗಂಟೆ ಬಾರಿಸಿದರಂತೆ. ಲಿಟ್ಲ್ ಹಾರ್ಕಮ್ಮಿನ ಹೆಸರು ಅದರಲ್ಲಿ ಇರಲಿಲ್ಲ. ಅಷ್ಟು ಚಿಕ್ಕ ಊರಿನ ಒಡಕು ಗಂಟೆಯ ಸುದ್ದಿಯನ್ನು ಯಾರು ಬರೆಯುತ್ತಾರೆ? ಆದರೂ ಪತ್ರಿಕೆಯನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು, ದೊರೆಯನ್ನು ಮಣ್ಣು ಮಾಡಿದಲ್ಲಿಗೆ ಹೋಗಿ, ಕನ್ನಡದಲ್ಲೇ ಓದಿ ಹೇಳಿ ಬಂದೆ.

ನನ್ನ ಪಾಂಡಿತ್ಯದ ಕತೆ ಇಲ್ಲಿಗೆ ಮುಗಿಯಿತು. ಸಮುದ್ರದಾಚೆಯ ಹಳ್ಳಿಯ ಪರಂಪರೆಯನ್ನು ಉಳಿಸಹೋದವನು ಈಚೆಯ ಹಳ್ಳಿಯ ಪರಂಪರೆಯನ್ನೂ ಹಾಳು ಮಾಡಿ ಕೂತಿದ್ದೇನೆ. ಈಗಲೂ ಹೊಳಲಿನಲ್ಲಿ ಯಾರಾದರೂ ತೀರಿಕೊಂಡು ದಾಸಯ್ಯನ ಜಾಗಟೆ ಕೇಳಿಸಿದರೆ, ಹೊಲದಲ್ಲಿರುವವರು ತಟ್ಟನೆ ಕೆಲಸ ಬಿಟ್ಟು ಏಳುವುದಿಲ್ಲ. ಬಾರಿಸುತ್ತಿರುವುದು ಮೇಷ್ಟ್ರಲ್ಲ ತಾನೇ, ನೋಡ್ಕೊಂಡು ಬಾ ಎಂದು ಮೊದಲು ಒಬ್ಬನನ್ನು ಕಳಿಸುತ್ತಾರೆ.